ಎಡಗೆನ್ನೆಯ ನಾಲ್ಕು ಪಟ್ಟಿಗಳು

ಊಟದ ಮೇಜಿನ ಜಾಗವನ್ನು ಆ ಪ್ರಿಂಟರ್ ನುಂಗಿ ಎರಡು ವರ್ಷವಾಗಿತ್ತು. ಎರಡಡಿ ಅಗಲದ ಕಾಗದದ ಸುರುಳಿಯನ್ನು ಗುಳುಂ ಮಾಡುವ ಯಂತ್ರ ಅದು. ಹೆಂಡತಿ ಅದನ್ನು 'ನನ್ನ ಸವತಿ' ಎಂದೇ ಕರೆಯುತ್ತಿದ್ದಳು. "ಸವತಿ ಮೇಲೆ ಧೂಳು ಕೂರಬಾರದು, ನಾವು ಮಾತ್ರ ತೊಡೆ ಮೇಲೆ ತಟ್ಟೆ ಇಟ್ಕೊಂಡು ಉಣ್ಬೇಕು" ಎಂದು ಅವಳು ಗೊಣಗಿದರೆ ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಕ್ಷೆ ಬರೆಯುವ ಕಚೇರಿಯಿಂದ ಐವತ್ತೈದಕ್ಕೇ ನಿವೃತ್ತಿ ತೆಗೆದುಕೊಂಡವನು. ಅಳತೆ, ಬಣ್ಣ ಎಂದರೆ ಪ್ರಾಣ.

ಈ ಸಲದ ಕೆಲಸ ಅಕ್ಕನದು. ಅವಳ ಹೊಲಿಗೆ ಅಂಗಡಿಗೆ ಮೂವತ್ತು ವರ್ಷ ತುಂಬುತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಕೂತು ನಗುತ್ತಿರುವ ಅವಳ ಫೋಟೋ, ಮೂರಡಿ ಎತ್ತರಕ್ಕೆ, ಅಂಗಡಿಯ ಗೋಡೆಗೆ ಬೇಕಾಗಿತ್ತು. "ನಿನ್ನ ಕೈಯಿಂದಲೇ ಆಗ್ಬೇಕು ಕಣೋ" ಎಂದಿದ್ದಳು. ಫೋಟೋ ತೆಗೆದವನೂ ಅವನೇ.

ಅಷ್ಟು ದೊಡ್ಡದಾಗಿ ಮುದ್ರಿಸುವ ಮುಂಚೆ ಚಿತ್ರವನ್ನು ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ ಅಂಗುಲ ಅಂಗುಲವೂ ನೋಡಬೇಕು. ಕ್ಯಾಮೆರಾದೊಳಗೆ ಕೂತ ಧೂಳಿನ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಬೇಕು. ಅವನು ಮೇಲಿನಿಂದ ಶುರುಮಾಡಿದ. ಗೋಡೆ ಆಯಿತು, ದಾರದ ರೀಲುಗಳಾದವು, ಕೂದಲು, ಹಣೆ ಆಯಿತು. ಎಡಗೆನ್ನೆಗೆ ಬಂದಾಗ ಕೈ ನಿಂತಿತು.

ಕಿವಿಯಿಂದ ದವಡೆಯವರೆಗೂ ಇಳಿದ ಸುಟ್ಟ ಗುರುತು. ಐವತ್ತು ವರ್ಷದಿಂದ ಅವನು ಅಕ್ಕನ ಬಲಗಡೆಗೇ ಕೂರುತ್ತ ಬಂದವನು. ಈಗ ಅದು ಪರದೆ ತುಂಬ ಹರಡಿತ್ತು, ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ.

ಆಗ ಅವನಿಗೆ ಆರು ವರ್ಷ, ಅವಳಿಗೆ ಹತ್ತು. ಒಲೆಯ ಹತ್ತಿರ ಸುಳಿಯಬೇಡ ಎಂದು ಅಮ್ಮ ಸಾರಿ ಸಾರಿ ಹೇಳಿದ್ದರೂ ಪಾತ್ರೆಯ ಹಿಡಿಗೆ ದಾರ ಕಟ್ಟಿ ಎಳೆದವನು ಇವನು. ಓಡಿ ಬಂದು ಇವನನ್ನು ಪಕ್ಕಕ್ಕೆ ತಳ್ಳಿದವಳು ಅವಳು. ಕುದಿಯುವ ನೀರು ಅವಳ ಮೇಲೆ ಬಿತ್ತು. "ನಾನೇ ಎಳ್ಕೊಂಡೆ ಅಮ್ಮಾ" ಎಂದಳು. ಅಮ್ಮ ಸಾಯುವವರೆಗೂ ಬಂದವರಿಗೆಲ್ಲ, "ಇವಳಿಗೆ ಮೈಮೇಲೆ ಎಚ್ಚರವೇ ಇಲ್ಲ, ಕೈಯಾರೆ ಮುಖ ಹಾಳು ಮಾಡ್ಕೊಂಡ್ಳು" ಎಂದು ಹೇಳುತ್ತಲೇ ಇದ್ದಳು. ಪಕ್ಕದಲ್ಲೇ ಕೂತಿರುತ್ತಿದ್ದ ಈ ಮಹಾಶಯ ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ.

ಈಗಲೂ ಅನ್ನಲಿಲ್ಲ. ಅಳಿಸಿದ. ಒಂದೇ ಏಟಿಗೆ ಅಳಿಸಿದರೆ ಕೆನ್ನೆ ಮೇಣದ ಹಾಗೆ ಕಾಣುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪವಾಗಿ. ಪ್ರತಿ ಸಲವೂ ಕೆನ್ನೆಯಷ್ಟನ್ನೇ ನಾಲ್ಕು ಬೆರಳಗಲದ ಪಟ್ಟಿಯಲ್ಲಿ ಮುದ್ರಿಸಿ, ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆದು ಗೋಡೆಗೆ ಸಿಕ್ಕಿಸಿದ. ಕೊನೆಗೆ ಪೂರ್ತಿ ಚಿತ್ರ ಹೊರಬಂದಾಗ, ಅಬ್ಬಾ, ಎಷ್ಟು ಹಗುರಾದ! ಅಕ್ಕನಿಗೆ ಉಡುಗೊರೆ ಕೊಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ, ನಂಬಿಯೂಬಿಟ್ಟ.

ಮರುದಿನ ಬೆಳಿಗ್ಗೆ ಅಕ್ಕ ಬಂದಳು. ಕನ್ನಡಕ ಏರಿಸಿಕೊಂಡು ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

"ಮೆಷಿನ್ನು ನಂದು, ಕತ್ತರಿ ನಂದು. ಇವಳು ಯಾರೋ?"

"ಬೆಳಕು ಹಾಗೆ ಬಿದ್ದಿದೆ ಅಕ್ಕಾ."

ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಮೇಲೆ ಹೋಯಿತು. ಪಟ್ಟಿಗಳನ್ನು ತೆಗೆದಿಡಲು ಪುಣ್ಯಾತ್ಮ ಮರೆತಿದ್ದ. ಅಕ್ಕ ಹತ್ತಿರ ಹೋಗಿ ಗಟ್ಟಿಯಾಗಿ ಓದಿದಳು.

"ಒಂದು, ಅಸಹ್ಯ. ಎರಡು, ಇನ್ನೂ ಕಾಣ್ತಿದೆ. ಮೂರು, ಪರವಾಗಿಲ್ಲ. ನಾಲ್ಕು, ಸದ್ಯ, ಹೋಯ್ತು."

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ.

"ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿನೂ ಈ ಮಾತು ಅಂದಿಲ್ಲ ಕಣೋ" ಎಂದಳು ಅಕ್ಕ.

ಹೆಂಡತಿ ಕಾಫಿ ಹಿಡಿದು ಬಂದವಳು ಚಿತ್ರ ನೋಡಿ ಅರಳಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ ಅಕ್ಕಾ! ಪಾಪ, ಚಿಕ್ಕಂದಿನಲ್ಲಿ ನೀವು ಬಿಸಿನೀರು ಎಳ್ಕೊಳ್ದೆ ಇದ್ದಿದ್ರೆ ಹೀಗೇ ಇರ್ತಿದ್ರಿ. ಅತ್ತೆ ಎಷ್ಟು ಸಲ ಹೇಳ್ತಿದ್ರು."

ಅಕ್ಕ ತಮ್ಮನ ಕಡೆ ನೋಡಿದಳು. ಕಾದಳು. ಅವನು ತನ್ನ ಕಾಲ್ಬೆರಳು ನೋಡುತ್ತ ನಿಂತಿದ್ದ.

"ಹೌದಮ್ಮಾ, ನಾನೇ ಎಳ್ಕೊಂಡೆ" ಎಂದಳು. "ಎಚ್ಚರ ಇಲ್ದೋಳು ನಾನು."

ಒಂದನೇ ಪಟ್ಟಿಯನ್ನು ಗೋಡೆಯಿಂದ ಬಿಡಿಸಿ ಚೀಲದೊಳಗೆ ಇಟ್ಟುಕೊಂಡಳು. ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟತೊಡಗಿದಳು.

"ಸುಳ್ಳು" ಎಂದ ಅವನು. ಹೆಂಡತಿಯ ಕಡೆ ತಿರುಗಿದ. "ಎಳೆದದ್ದು ನಾನು. ಅಕ್ಕ ಅಡ್ಡ ಬಂದ್ಲು. ಅಮ್ಮನಿಗೂ ಹೇಳ್ಲಿಲ್ಲ, ನಿನಗೂ ಹೇಳ್ಲಿಲ್ಲ. ನಾಚಿಕೆ ಆಗುತ್ತೆ ಕಣೇ."

ಹೆಂಡತಿ ಕಾಫಿಯ ತಟ್ಟೆಯನ್ನು ಸವತಿಯ ತಲೆಯ ಮೇಲೇ ಇಟ್ಟಳು. ಅಕ್ಕ ಚಪ್ಪಲಿ ಬಿಟ್ಟು ವಾಪಸು ಬಂದು ಸ್ಟೂಲಿನ ಮೇಲೆ ಕೂತಳು. ಹೋಗಲಿ ಬಿಡು ಎನ್ನಲಿಲ್ಲ.

"ಮೊದಲಿನ ಫೋಟೋ ಇದೆಯೋ, ಅದನ್ನೂ ಅಳಿಸಿದ್ದೀಯೋ?"

"ಇದೆ."

"ಅದನ್ನೇ ತೆಗಿ."

ಪ್ರಿಂಟರ್ ಗುರುಗುಟ್ಟಿತು. ಕೂದಲು ಬಂತು, ಹಣೆ ಬಂತು. ಕೆನ್ನೆ ಬರುವ ಹೊತ್ತಿಗೆ ಅವನು ರೂಢಿಯಂತೆ ಕಿಟಕಿಯ ಕಡೆ ತಿರುಗಿದ.

"ಈ ಕಡೆ ನೋಡು" ಎಂದಳು ಅಕ್ಕ.

ನೋಡಿದ. ಗುರುತು ಗೆರೆಗೆರೆಯಾಗಿ ಪೂರ್ತಿ ಇಳಿದು ಬರುವವರೆಗೂ ನೋಡಿದ.

"ಈಗ ಹೇಳಿದ್ಯಲ್ಲ," ಎಂದಳು ಅಕ್ಕ, "ಅದನ್ನ ಅಮ್ಮ ಕೇಳಿಸ್ಕೋಬೇಕಿತ್ತು ಕಣೋ."