ತಿದ್ದಿದ ಹೊಳೆ

ಹೊಳೆಯ ನೀರೇನೋ ಸರಿಯಾಗಿಯೇ ಹರಿದಿದೆ, ದಂಡೆಯ ಹಿಮವೂ ಎಷ್ಟು ಬೇಕೋ ಅಷ್ಟೇ ಬಿದ್ದಿದೆ, ಬಣ್ಣ ಹಾಕಿದ ಉದ್ದನೆಯ ಬಟ್ಟೆಯೊಂದು ನೀರಿನಲ್ಲಿ ತನ್ನಷ್ಟಕ್ಕೆ ತೇಲುತ್ತಿದೆ, ಕೈ ತನ್ನದೇ, ಅದರಲ್ಲಿ ಅನುಮಾನವಿಲ್ಲ, ಆದರೆ ಈ ಚಿತ್ರ ಬರೆದದ್ದು ಯಾವಾಗ? ಮಿನೆ ಕನ್ನಡಕ ತೆಗೆದು ಕಿಮೋನೊದ ತೋಳಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು, ಚಿತ್ರ ಅಲ್ಲೇ ಇತ್ತು. ಗೋಡೆಯುದ್ದಕ್ಕೂ ಅವಳದೇ ಚಿತ್ರಗಳು, ಒಂದೊಂದರ ಹಿಂದೆಯೂ ಒಂದು ಬಾಡಿಗೆ ಕೋಣೆ, ಒಂದು ಜ್ವರ, ಬಣ್ಣ ಹಿಡಿಸಲು ಒಲೆಯ ಮೇಲೆ ಕರಗಿಸುತ್ತಿದ್ದ ಸರೇಸಿನ ನಾತ, ಎಲ್ಲ ನೆನಪಿದೆ, ಇದರ ಹಿಂದೆ ಮಾತ್ರ ಬರೀ ಗೋಡೆ. ಸೆನ್ಸೇ, ಇದೊಂದಕ್ಕೆ ನಿಮ್ಮ ಹೆಸರಿನ ಮುದ್ರೆ ಬಿದ್ದಿಲ್ಲ, ಎಂದು ಗುರುಗಳಿಗೆ ಹೇಳುವ ಮರ್ಯಾದೆಯಲ್ಲಿ ಅಂದ ಒಕಾಬೆ, ಈ ದೊಡ್ಡ ಅಂಗಡಿಯ ಮೇಲಂತಸ್ತಿನ ಚಿತ್ರಶಾಲೆ ನೋಡಿಕೊಳ್ಳುವವನು, ನಾಳೆ ಪ್ರದರ್ಶನದ ಬಾಗಿಲು ತೆರೆಯಬೇಕಾದವನು, ನಗರಸಭೆಯವರು ಇದನ್ನೇ ಕೇಳ್ತಿದಾರೆ, ಸಭಾಂಗಣದಲ್ಲಿ ಹಾಕ್ತಾರಂತೆ, ಎಂದೂ ಸೇರಿಸಿದ. ಇದನ್ನೇ ಯಾಕೆ? ತನ್ನೂರು ಕನಜಾವಾದ ಹಿಮ, ಮಳೆ, ಏಡಿ, ಐರಿಸ್ ಹೂವು ಅಂತ ಬದುಕೆಲ್ಲ ಬರೆದದ್ದನ್ನು ಬಿಟ್ಟು, ನೆನಪಿಗೇ ಬಾರದ ಇದೊಂದನ್ನೇ ಯಾಕೆ? ಇದು ಎಲ್ಲಿಂದ ಬಂತು ಎಂದು ಕೇಳಿದರೆ ಒಕಾಬೆ ಫುಸಾಯೆಯ ಕಡೆ ನೋಡಿದ, ಆ ನೋಟವೇ ಸಾಕಾಯಿತು. ಫುಸಾಯೆ, ಒಂದು ಕಾಲದ ಶಿಷ್ಯೆ, ಈಗ ಮಿನೆ ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳ ಜಾಗದಲ್ಲೇ ಚಿತ್ರಕಲೆ ಕಲಿಸುವವಳು, ಮನೆಮನೆ ಅಲೆದು ಈ ಚಿತ್ರಗಳನ್ನೆಲ್ಲ ಕೂಡಿಸಿ ತಂದವಳು, ಹೆತ್ತ ಮಗಳೂ ಇಷ್ಟು ಮಾಡಲ್ಲ ಎಂದು ಅಕ್ಕಪಕ್ಕದವರು ಹೇಳಿದಾಗಲೇ ಮಿನೆ ಎಚ್ಚರವಾಗಿದ್ದಳು, ಹೆತ್ತ ಮಗಳು ಮಾಡದ್ದನ್ನು ಮಾಡುವವರ ಮೇಲೆ ಒಂದು ಕಣ್ಣಿಡಬೇಕು ಎಂದು ಅಮ್ಮ ಹೇಳುತ್ತಿದ್ದಳಲ್ಲ. ಅದೆಷ್ಟು ತಗ್ಗಿ ಬಗ್ಗಿ ನಡೆಯುತ್ತಾಳೆ, ಚಹಾ ತರುತ್ತಾಳೆ, ಮೆತ್ತೆ ತರುತ್ತಾಳೆ, ಸೆನ್ಸೇ ನೀವು ಕೂತ್ಕೊಳ್ಳಿ ಅನ್ನುತ್ತಾಳೆ, ತರಗತಿಯಲ್ಲಿ ಮಿನೆಯ ಕೈಯನ್ನು ತದ್ರೂಪವಾಗಿ ಅನುಕರಿಸುತ್ತಿದ್ದವಳೂ ಇವಳೇ — ಹಾಗಾದರೆ ಇದು ಕಳ್ಳಚಿತ್ರ, ಮುದುಕಿಗೆ ಮರೆವು ಬಂದಿದೆ, ಮುದ್ರೆ ಒತ್ತಿಸಿಕೊಂಡರೆ ಆಯಿತು ಅಂದುಕೊಂಡಿದ್ದಾರೆ, ಇಬ್ಬರೂ ಸೇರಿ.

ಆದರೆ ಆ ನೀರಿನ ಗೆರೆ, ಮಣಿಕಟ್ಟು ಅಲುಗಿಸದೆ ಉಸಿರು ಹಿಡಿದು ಎಳೆದ ಗೆರೆ, ಅದನ್ನು ಫುಸಾಯೆ ಕದಿಯಲಾರಳು, ಅದು ಮಿನೆಯೇ ಕ್ಯೋಟೋದಲ್ಲಿ ಕದ್ದು ತಂದದ್ದು, ಗುರುಗಳ ಹಿಂದೆ ಮಂಡಿಯೂರಿ ಕೂತು, ಬಣ್ಣ ಅರೆಯುತ್ತ, ಓರೆಗಣ್ಣಿನಲ್ಲಿ. ಆ ಗುರುಗಳಿಗೆ ಮಾತೇ ಇರಲಿಲ್ಲ, ಶಿಷ್ಯರ ಚಿತ್ರದ ಮುಂದೆ ಕೂತು ಕುಂಚ ಅದ್ದಿ ಒಂದೆಳೆ ಹಾಕಿ ಎದ್ದು ಹೋಗುತ್ತಿದ್ದರು, ಅವಳ ಜೊಂಡುಹುಲ್ಲಿನ ಚಿತ್ರಕ್ಕೂ ಹಾಗೇ ಒಂದೆಳೆ ಹಾಕಿದರು, ಅದೇ ಚಿತ್ರ ಟೋಕಿಯೋದ ಪ್ರದರ್ಶನಕ್ಕೆ ಆಯ್ಕೆಯಾಯಿತು, ಅಪ್ಪ ಬೀದಿಗೆಲ್ಲ ಕೆಂಪುಕಾಳಿನ ಅನ್ನ ಹಂಚಿದ, ಪತ್ರಿಕೆಯವನು ಬರೆದ, ಬಾಗಿದ ಆ ಒಂದು ಎಸಳು ಗಾಳಿಯನ್ನೇ ಹೊತ್ತು ತಂದಿದೆ ಎಂದು. ಯಾವ ಎಸಳು? ಗುರುಗಳ ಎಸಳು. ಅಂದು ಹತ್ತಿದ ರೋಗ, ಯಾರು ಹೊಗಳಿದರೂ ಯಾವ ಗೆರೆಯನ್ನು ಹೊಗಳಿದರು ಎಂದು ಹುಡುಕುವುದು, ಯಾರು ನಕ್ಕರೂ ನಗುವಿನ ಹಿಂದೆ ಇಣುಕುವುದು, ನೋಡಲು ಬಂದ ಗಂಡು ಅವಳ ದಿಟ್ಟಿಗೆ ಹೆದರಿ ಚಹಾ ಆರುವ ಮುಂಚೆ ಎದ್ದು ಹೋದ. ಟೋಕಿಯೋಗೆ ಮತ್ತೆ ಚಿತ್ರ ಕಳಿಸಲಿಲ್ಲ, ಊರಿಗೆ ಬಂದು ಶಾಲೆ ಸೇರಿದಳು, ಯುದ್ಧದಲ್ಲಿ ಬಣ್ಣ ಸಿಗದಾಗ ಹಳೆಯ ಪತ್ರಿಕೆಯ ಮೇಲೆ ಮಸಿಯಲ್ಲಿ ಮೂಲಂಗಿ ಬರೆಸಿದಳು, ಗಂಟೆ ಹೊಡೆದ ಮೇಲೆ ಹುಡುಗಿಯರು ಆ ಮೂಲಂಗಿಯನ್ನೇ ಹಂಚಿಕೊಂಡು ತಿಂದರು, ಯುದ್ಧ ಮುಗಿದ ಮೇಲೆ ಮೊದಲ ಬಾರಿ ಬಣ್ಣ ಬಂದಾಗ ತರಗತಿಗೆ ತರಗತಿಯೇ ಉಸಿರು ಬಿಡದೆ ಕೂತಿತ್ತು, ಅವಳು ಸಾಲಿನಿಂದ ಸಾಲಿಗೆ ನಡೆದಳು, ಸ್ವಲ್ಪ ಆ ಕಡೆ ಸರಿ, ಕುಂಚ ಕೊಡಿಲ್ಲಿ, ನೋಡು ಹೀಗೆ. ಎಷ್ಟು ಹುಡುಗಿಯರು ಸರಿದಿದ್ದಾರೆ ಹಾಗೆ, ಒಬ್ಬಳೂ ತುಟಿಪಿಟಕ್ಕೆನ್ನದೆ. ಮಿನೆ ಫುಸಾಯೆಯ ಕಡೆ ತಿರುಗಿದಳು.

ಇದು ಎಲ್ಲಿತ್ತು ಫುಸಾಯೆ? ನಮ್ಮನೇಲಿ. ಯಾರು ಕೊಟ್ಟಿದ್ದು? ನೀವೇ ಸೆನ್ಸೇ, ನಾನು ಬರೆದಿದ್ದೆ, ನೀವು ತಿದ್ದಿದ್ರಿ. ದನಿಯಲ್ಲಿ ಮುಳ್ಳಿದೆಯೇ ಎಂದು ಮಿನೆ ಕಿವಿಗೊಟ್ಟಳು, ಸಿಗಲಿಲ್ಲ, ಸಿಗದ್ದಕ್ಕೇ ಇನ್ನಷ್ಟು ಭಯವಾಯಿತು. ಅಸಾನೊ ಹೊಳೆಯ ದಂಡೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಬಣ್ಣಗಾರನ ಮಗಳು, ಹೌದು, ಕಾಲುಬೆರಳೆಲ್ಲ ಚಳಿಗೆ ಊದಿಕೊಂಡು ಕುಂಟುತ್ತ ಬರುತ್ತಿದ್ದವಳು, ಅವಳ ಚಿತ್ರದಲ್ಲಿ ಹೊಳೆಯ ನಟ್ಟನಡುವೆ ಒಬ್ಬ ಮನುಷ್ಯ, ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಟ್ಟೆ ಜಾಲಿಸುತ್ತ, ದಪ್ಪಗೆ, ಒಡ್ಡೊಡ್ಡಾಗಿ, ಈ ಮನುಷ್ಯ ಹೊಳೇನೆಲ್ಲ ಮುಚ್ಚಿಬಿಟ್ಟಿದಾನಲ್ಲೇ ಎಂದು ಮಿನೆ ನಕ್ಕು, ಚಿಪ್ಪು ಅರೆದ ಬಿಳಿ ಬಣ್ಣವನ್ನು ಕುಂಚದ ತುಂಬ ಎತ್ತಿಕೊಂಡು — ಬಟ್ಟೆಯನ್ನು ಉಳಿಸಿದಳು, ಮನುಷ್ಯನನ್ನು ತೆಗೆದಳು. ಹುಡುಗಿ ಬಾಗಿ ನಮಸ್ಕಾರ ಮಾಡಿದ್ದಳು. ಅದೇ ಚಳಿಗಾಲ ಅಪ್ಪ ಹೋದ್ರು, ಎದೆ ಕಟ್ಟಿ, ಎನ್ನುತ್ತಿದ್ದಾಳೆ ಈಗ ಫುಸಾಯೆ, ಮನೇಲಿ ಅಪ್ಪಂದೊಂದು ಫೋಟೋ ಇರ್ಲಿಲ್ಲ, ಇದನ್ನೇ ಇಟ್ಕೊಂಡ್ವಿ, ಅಮ್ಮ ಸಾಯೋವರೆಗೂ ಇದರ ಮುಂದೇನೇ ಅನ್ನ ಇಡ್ತಿದ್ಲು. ಅನ್ನ, ಮನುಷ್ಯನಿಲ್ಲದ ಹೊಳೆಯ ಮುಂದೆ, ದಿನಾ. ಸೇಡು, ಸೇಡೇ ಇದು, ಇಷ್ಟು ವರ್ಷ ಚಹಾ ತಂದು ಮೆತ್ತೆ ತಂದು ಕಾದು ಕೂತ ಸೇಡು, ಮಿನೆಯ ದನಿ ತಾನಾಗಿ ಏರಿತು, ಊರಿನವರ ಮುಂದೆ ನನ್ನ ಮಾನ ಕಳೀಬೇಕೂಂತ ತೂಗುಹಾಕಿದ್ಯಾ? ಒಕಾಬೆ ಕೆಂಪು ಮಸಿಯ ಡಬ್ಬಿ ಹಿಡಿದು ಇಬ್ಬರನ್ನೂ ಪಿಳಿಪಿಳಿ ನೋಡಿದ. ಇಲ್ಲ ಸೆನ್ಸೇ, ಅಂದಳು ಫುಸಾಯೆ, ನೀವು ಬರ್ದಿದ್ರಲ್ಲೆಲ್ಲ ಇದೇ ಚೆನ್ನಾಗಿರೋದು, ಅವತ್ತೂ ನಂಗೆ ಹಾಗೇ ಅನ್ನಿಸ್ತು, ಅಪ್ಪ ಇಲ್ದೇನೇ ಚಿತ್ರ ಚೆನ್ನಾಗಾಯ್ತು, ಅದನ್ನ ಅಮ್ಮಂಗೆ ಹೇಳೋಕಾಗ್ಲಿಲ್ಲ, ಅಷ್ಟೆ. ಮಿನೆ ಆ ಮುಖದಲ್ಲಿ ಹುಡುಕಿದಳು, ಕಣ್ಣಿನಲ್ಲಿ, ಬಾಯಿಯ ಕೊನೆಯಲ್ಲಿ, ಜೋಡಿಸಿದ ಕೈಗಳಲ್ಲಿ, ಬದುಕೆಲ್ಲ ಹುಡುಕಿ ಪಳಗಿದ ಕಣ್ಣು, ಏನಾದರೊಂದು ಸಿಕ್ಕೇ ಸಿಗುತ್ತಿತ್ತು, ಇಲ್ಲಿ ಏನೂ ಸಿಗಲಿಲ್ಲ. ಕೆಳಗಡೆ ಎಡಮೂಲೆಗೆ ಸೆನ್ಸೇ, ಎನ್ನುತ್ತಿದ್ದಾನೆ ಒಕಾಬೆ, ಅವಳು ಮುದ್ರೆ ಹಿಡಿದು ಬಗ್ಗಿದಳು, ಮೂಗು ತಾಗುವಷ್ಟು ಹತ್ತಿರಕ್ಕೆ, ಮೂಲೆಯತ್ತ ಬಂದ ಬಟ್ಟೆಯ ಅಂಚಿನ ಬಳಿ ಬಿಳಿ ಬಿರುಕು ಬಿಟ್ಟಿದೆ, ಆ ಕಾಲದ ಸರೇಸು ಕಳಪೆ, ಹಿಡಿದಿಲ್ಲ, ಒಂದು ಹಕ್ಕಳೆ ಎದ್ದು ಉದುರಿ ಹೋಗಿದೆ, ಮನೆಯ ಮಬ್ಬಿನಲ್ಲಿ ಯಾರಿಗೂ ಕಂಡಿರಲಿಕ್ಕಿಲ್ಲ, ಇಲ್ಲಿನ ದೀಪಕ್ಕೆ ಕಾಣುತ್ತಿದೆ, ಒಳಗೆ ಏನೋ ಕೆಂಪಗೆ, ತಣ್ಣೀರಿಗೆ ಒಡೆದ ಬಣ್ಣಗಾರನ ಬೆರಳು, ಒಂದು, ಅದರ ಪಕ್ಕ ಇನ್ನೊಂದರ ತುದಿ. ಇದಕ್ಕೆ ನನ್ನ ಮುದ್ರೆ ಬೇಡ ಒಕಾಬೆ, ಎಂದು ಮುದ್ರೆಯನ್ನು ಚೀಲಕ್ಕೆ ಹಾಕಿ ದಾರ ಎಳೆದಳು, ಒಕಾಬೆ ನಗರಸಭೆ ಅಂದ, ಪತ್ರಿಕೆ ಅಂದ, ಮತ್ತೂ ಏನೇನೋ ಅಂದ, ಫುಸಾಯೆ ಹತ್ತಿರ ಬಂದು ತಾನೂ ಬಗ್ಗಿದಳು, ಅವಳ ಉಸಿರು ನಿಂತದ್ದು ಮಿನೆಯ ಕಿವಿಗೆ ತಿಳಿಯಿತು, ಈಗ ಏನಾದರೂ ಹೇಳಬೇಕು, ಹೇಳಬೇಕು, ಆದರೆ ಬಿಳಿಯೊಳಗಿಂದ ಕೆಂಪು ಬೆರಳು, ಬಟ್ಟೆಯ ಅಂಚನ್ನು ಬಿಡದೆ, ಕೆಂಪು ಬೆರಳು —