ಕೊಳಕು ಕೊಡ

ನನ್ನ ಬಾಯಿ ಸುಮ್ನಿರೋ ಬಾಯಲ್ಲ ಕಣ್ರೀ. ಅಜ್ಜಂಪುರದ ಬಸ್‌ಸ್ಟ್ಯಾಂಡಲ್ಲಿ ಇಡ್ಲಿ ಗಾಡಿ ಇಟ್ಕೊಂಡೋಳು ಮೆತ್ತಗೆ ಮಾತಾಡಿದ್ರೆ ಹೊಟ್ಟೆ ತುಂಬುತ್ತಾ? ಅವತ್ತು ತೀರ್ಥಪ್ಪನ ಫಿಲ್ಟರ್ ನೀರಿನ ಕ್ಯಾನ್ ಸೀಲ್ ಒಡೆದು ನಮ್ ಕೊಡದೊಳಕ್ಕೆ ಬಗ್ಗಿಸಿದ್ರೆ, ನೀರಲ್ಲಿ ಹುಳ ಹರಿದಾಡ್ತಿತ್ತು. ಮೈಯೆಲ್ಲಾ ಉರಿದು ಹೋಯ್ತು. ಅಲ್ಲೇ ವಿಡಿಯೋ ಮಾಡಿ, "ಯಶೋಧರಾ ಹೇಳ್ತಿದೀನಿ, ಈ ನೀರು ಕುಡೀಬೇಡ್ರಪ್ಪಾ" ಅಂತ ಫೇಸ್‌ಬುಕ್ಕಿಗೆ ಹಾಕ್ದೆ. ಊರೆಲ್ಲಾ ಲೈಕ್ ಒತ್ತಿ, "ಭೇಷ್ ಕಣವ್ವಾ" ಅಂತು.

ಆಮೇಲೆ ತೀರ್ಥಪ್ಪನ ಲಾಯರ್ ನೋಟಿಸ್ ಬಂತು, ಮಾನನಷ್ಟ ಮಾಡಿದೀಯ ಅಂತ. ಭೇಷ್ ಅಂದೋರು ಒಬ್ಬರೂ ನಮ್ ಗಾಡಿ ಕಡೆ ತಲೆ ಹಾಕ್ಲಿಲ್ಲ. ತೀರ್ಥಪ್ಪ ಮಾತ್ರ ಬಂದ. ಇಡ್ಲಿ ತಿಂದು, ಕೈ ತೊಳೆದು, ನಗ್ತಾನೇ ಅಂದ: "ಚಟ್ನಿ ಚೆನ್ನಾಗೈತೆ. ನಿನ್ ಯಜಮಾನ ಹೊನ್ನೇಶ ಆಟೋ ನಿಲ್ಸಿ ತರೀಕೆರೆ ಕೋರ್ಟಿಗೆ ಎಷ್ಟು ವರ್ಷ ಅಲೀತಾನವ್ವಾ? ಇನ್ನೊಂದು ವಿಡಿಯೋ ಮಾಡ್ಬಿಡು."

ಮಾಡ್ದೆ. ಅವನ ತಮ್ಮನ ಮಗ ದುಶ್ಯಂತ ಹೇಳ್ಕೊಟ್ಟಂಗೆ ಕೈಮುಗಿದು, "ನೀರು ಚೆನ್ನಾಗೇ ಇತ್ತು, ನಮ್ ಕೊಡಾನೇ ಕೊಳಕಾಗಿತ್ತು" ಅಂದೆ. ಥೂ, ನನ್ ಜನ್ಮಕ್ಕಿಷ್ಟು! ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಕೊಡ ಕೊಳಕು ಅಂತ ನಾನೇ ಒಪ್ಕೊಂಡ್ಮೇಲೆ ಇಡ್ಲಿ ಯಾರು ತಿಂತಾರೆ ಹೇಳಿ? ಅರ್ಧ ಗಿರಾಕಿ ಹೋದ್ರು.

ಮೊನ್ನೆ ಪಕ್ಕದ್ಮನೆ ಅತೀಯಾಳ ಮಗಳು ಸುಮಯ್ಯನ ಮದುವೆ. ಊಟದ ಪೆಂಡಾಲಲ್ಲಿ ತೀರ್ಥಪ್ಪನ ಕ್ಯಾನುಗಳು ಸಾಲಾಗಿ ನಿಂತಿದ್ವು.

"ಯಾಕೇ ಇವನ ನೀರು ತರಿಸ್ದೆ?"

"ನಿನ್ ವಿಡಿಯೋ ನೋಡೇ ಕಣೇ" ಅಂದ್ಳು ಅತೀಯಾ. "ನೀನೇ ಚೆನ್ನಾಗೈತೆ ಅಂದ್ಮೇಲೆ ಇನ್ನೇನು?"

ಆ ಕ್ಯಾನಲ್ಲಿ ಹುಳ ಇತ್ತೋ ಇಲ್ವೋ ನಾ ಕಾಣೆ. ಅತೀಯಾಳ ಪುಟ್ಟ ಮೊಮ್ಮಗಳು ಸ್ಟೀಲ್ ಲೋಟ ಬಾಯಿಗಿಟ್ಟಿದ್ದೇ ತಡ, "ಕುಡೀಬೇಡ್ವೇ ಮಗಾ!" ಅಂತ ಕಿರುಚ್ಬಿಟ್ಟೆ. ಲೋಟ ಕೆಳಗೆ ಬಿತ್ತು. ಉಣ್ತಿದ್ದೋರೆಲ್ಲಾ ತಿರುಗಿದ್ರು. ಕ್ಯಾನ್ ಇಳಿಸ್ತಿದ್ದ ದುಶ್ಯಂತ ಮೊಬೈಲ್ ಎತ್ತಿ ನನ್ ಮುಖಕ್ಕೆ ಹಿಡಿದ.

"ಹೇಳಿ ಅಕ್ಕಾ, ನೀರಲ್ಲಿ ಏನೈತೆ?"

ತರೀಕೆರೆ ಕೋರ್ಟು ಕಣ್ಮುಂದೆ ಬಂತು; ಮೊಬೈಲ್ ಕಡೆಯಿಂದ ಮುಖ ತಿರುಗಿಸ್ದೆ.

"ಬೀಗರು ನೋಡ್ತಾವ್ರೆ, ರಂಪ ಮಾಡ್ಬೇಡ್ವೇ" ಅಂತ ಅತೀಯಾ ನಗೋಕೆ ನೋಡಿದ್ಳು. "ಕೊಡ ನಂದೇ ಕೊಳಕು ಅಂತ ನೀನೇ ಅಂದಿದ್ಯಲ್ಲ!" ಬಿದ್ದ ಲೋಟ ತೊಳೆದು, ಕ್ಯಾನಿಂದ ತುಂಬಿ, ತಾನೇ ಮಗೂ ಕೈಗೆ ಕೊಟ್ಳು.

ಮಗು ನನ್ನನ್ನೇ ನೋಡ್ತಾ ಗಟಗಟ ಕುಡೀತು.