ಭಾವ ಮಾಡಿದ ತೋಟಾಗಳು

ಎಲ್ಕ್ ಜಿಂಕೆಗಳ ಬೇಟೆಯ ಕಾಲ ಹತ್ತಿರವಾದಾಗ ನನ್ನ ಅಕ್ಕನ ಗಂಡ ಎನ್ಸಿಯೊ, ತಾನೇ ಮನೆಯಲ್ಲಿ ಮಾಡಿದ ರೈಫಲ್ ತೋಟಾಗಳ ಡಬ್ಬಿಯನ್ನು ಶೂಟಿಂಗ್ ರೇಂಜಿನಲ್ಲಿ ನನ್ನ ಮುಂದಿಟ್ಟ.

"ಹೊಡೆದು ನೋಡೋ. ಅಂಗಡಿ ತೋಟಾಗಳನ್ನ ಇದಕ್ಕೆ ನಿವಾಳಿಸಿ ಒಗೀಬೇಕು!"

ಉಗಿಸ್ನಾನದ ಸೌನಾ ಒಲೆಗೆ ಒಂದು ಸೌದೆ ಹೆಚ್ಚು ಹಾಕಿದರೂ ಮುಖ ಸಿಂಡರಿಸುವ ಮನುಷ್ಯನಿಗೆ ಇವತ್ತೇನು ಇಷ್ಟು ಧಾರಾಳ?

"ಮೊದಲು ನೀನು ಹೊಡಿ ಭಾವ," ಎಂದೆ.

ಹೊಡೆದ. ಮೂರೂ ಗುಂಡು ಗುರಿಯ ನಟ್ಟನಡುವೆ ಬಿದ್ದವು. ಆದರೆ ಡಬ್ಬಿಯಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಅವನ ಕೋಟಿನ ಜೇಬಿಗೆ ಕೈ ಹಾಕಿದೆ. ಅಂಗಡಿಯ ತೋಟಾಗಳು ಸಿಕ್ಕವು. ಮೈ ಉರಿದುಹೋಯಿತು.

"ಏನಯ್ಯಾ ಇದು?"

"ಬಂದೂಕು ಮುಖಕ್ಕೇ ಸಿಡಿದೀತು, ಮನೇಲಿ ಮಾಡಿದ್ದನ್ನ ಹೊಡೆಯಲ್ಲ ಅಂತ ನಿಮ್ಮಕ್ಕ ನನ್ನ ಹತ್ರ ಆಣೆ ಮಾಡಿಸ್ಕೊಂಡಿದಾಳೆ ಕಣೋ."

"ಮತ್ತೆ ನಾನು?"

"ನಿನ್ನ ಕೈಲಿ ಹೊಡೆಸಿ ನೋಡಿ ಅಂದವಳೂ ಅವಳೇ."